ನೂರಕ್ಕೊಬ್ಬರು ಯಾರು?

ವಾದ ಮಾಡೋಕೆ ಓದಿರಬೇಕಾಗಿಲ್ಲ. ನಾನು ಓದಿದ್ದು ಎರಡನೇ ಕ್ಲಾಸು, ಅದೂ ಅರ್ಧ. ಆದರೂ ಗೌನಿಪಲ್ಲಿ ಕಡೆಯ ನಮ್ಮೂರಲ್ಲಿ ನನ್ನನ್ನು ವಾದದಲ್ಲಿ ಗೆದ್ದವರಿಲ್ಲ. ಸೋಲೋ ಹಾಗೆ ಕಂಡರೆ ಇನ್ನೊಂದು ಕಡೆಯಿಂದ ಶುರು ಮಾಡ್ತೀನಿ. ಇಂಥ ವಾದಗಳು ನಮ್ಮ ಬೀದೀಲಿ ದಿನಾ ಆಗ್ತಾನೇ ಇರುತ್ತವೆ. ಆದರೆ ನನ್ನ ಕಣ್ಣಿಗೆ ಪೊರೆ ಬಂದಾಗ ನಡೆದ ವಾದಗಳು ನನ್ನ ಜೀವ ಹಿಂಡಿಬಿಟ್ಟವು.

ಕಣ್ಣಿಗೆ ಯಾಕಿಷ್ಟು ಸಂಕಟ ಅಂತೀರಾ? ಹಿಂದಿನ ಮನೆ ಟೀಚರಮ್ಮ ಒಂಟಿ ಹೆಂಗಸು. ದಿನಾ ಬೆಳಿಗ್ಗೆ ಅವಳ ತಾರಸಿ ಮೇಲೆ ನೀಲಿ ಶರ್ಟಿನ ಗಂಡಸೊಬ್ಬ ನಿಂತಿರ್ತಾನೆ. ಊರಿಗೆಲ್ಲಾ ಹೇಳಿಯೂ ಆಯ್ತು. ಮುಖ ಮಾತ್ರ ಮಂಜುಮಂಜು. ಕಣ್ಣು ಪೂರ್ತಿ ಹೋದರೆ ಅವನು ಯಾರು ಅಂತ ತಿಳೀದೇ ಸಾಯಬೇಕಲ್ಲ.

ಬಾಳೆಹಣ್ಣು

ಕೋಲಾರದ ಡಾಕ್ಟರು ಆಪರೇಷನ್ ಮಾಡಿಸಿ ಅಂದರು. ಎಲ್ಲೋ ನೂರಕ್ಕೊಬ್ಬರಿಗೆ ಹೆಚ್ಚುಕಡಿಮೆ ಆಗಬಹುದು, ಅಷ್ಟೇ ಅಂದರು. ಆ ಒಬ್ಬರು ಯಾರು ಸ್ವಾಮಿ ಅಂತ ಕೇಳಿದರೆ ನಕ್ಕುಬಿಟ್ಟರು.

ಮನೆಗೆ ಬಂದು ನನ್ನ ವಾರಗಿತ್ತಿಗೆ ಹೇಳಿದೆ. ಅವಳು ಬೆರಳು ಮಡಚಿ ಎಣಿಸಿದಳು. "ನಮ್ಮ ಕಡೆ ಮಾಡಿಸ್ಕೊಂಡೋರಿಗೆಲ್ಲಾ ಚೆನ್ನಾಗೇ ಆಗಿದೆ ಅಕ್ಕಾ. ಅಂದ್ರೆ ಕೆಡಬೇಕಾದ ಆ ಒಬ್ಬರು ಇನ್ನೂ ಬಾಕಿ ಇದ್ದಾರೆ."

ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ, ಪಕ್ಕದೂರಲ್ಲಿ ಒಬ್ಬ ಮುದುಕನ ಕಣ್ಣು ಹೋಗಿದೆ ಅಂತ ಯಾರೋ ಹೇಳಿದರು. ನನಗೆ ಹೋದ ಜೀವ ಬಂತು. ಪುಣ್ಯಾತ್ಮ, ನಮ್ಮೆಲ್ಲರ ಪರವಾಗಿ ಕೆಡಿಸಿಕೊಂಡಿದ್ದಾನೆ ಅಂತ ಒಂದು ಡಜನ್ ಬಾಳೆಹಣ್ಣು ತಗೊಂಡು ಹೋದೆ. ಅವನು ಎರಡು ಹಣ್ಣು ತಿಂದು ಮುಗಿಸಿ, "ಆಪರೇಷನ್ ಎಲ್ಲಿ ತಾಯಿ, ಹಸು ಕೊಂಬಲ್ಲಿ ತಿವಿದಿದ್ದು" ಅಂದ.

ಮಿಕ್ಕ ಹತ್ತು ವಾಪಸ್ ಕೇಳೋಣ ಅನ್ನಿಸಿತು.

ಯಾರ ಬಲಗಡೆ?

ಗಂಗಮ್ಮನನ್ನೇ ಹೂವು ಕೇಳೋಣ ಅಂತ ಗುಡಿಗೆ ಹೋದೆ. ಅಮ್ಮನ ಬಲಗಡೆ ಹೂ ಬಿದ್ದರೆ ಒಳ್ಳೇದು, ಎಡಗಡೆ ಬಿದ್ದರೆ ಬೇಡ ಅಂತ. ನನ್ನ ಗ್ರಹಚಾರ, ಎಡಗಡೆ ಬಿತ್ತು.

ನನ್ನ ಕಡೆಯಿಂದ ನೋಡಿದರೆ ಅದು ಬಲಗಡೆ, ಕಣ್ಣು ನಂದಲ್ವಾ ಅಂದೆ. ಪೂಜಾರಿ ಬಿಡಲಿಲ್ಲ. "ಹೋದ ವರ್ಷ ನಿನ್ನ ವಾರಗಿತ್ತಿ ಇದೇ ಮಾತು ಅಂದಾಗ, ಅಮ್ಮನ ಕಡೆಯಿಂದಲೇ ನೋಡಬೇಕು ಅಂತ ಜಗಳ ಆಡಿದ್ದು ಯಾರಮ್ಮಾ?"

ಅದು ಅವಳ ಸೀಮೆಹಸು ವಿಚಾರ, ಇದು ನನ್ನ ಕಣ್ಣು ಅಂದೆ. ಇದೇಮಿ ನ್ಯಾಯಮಮ್ಮಾ ಅಂತ ತೆಲುಗಲ್ಲಿ ಗೊಣಗಿಕೊಂಡು ಇನ್ನೊಂದು ಹೂ ಇಟ್ಟ. ಮತ್ತೆ ಎಡ. ಮೂರನೇ ಸಲ ಬಲಗಡೆ ಬಿತ್ತು.

ಅಮ್ಮನೂ ವಯಸ್ಸಾದೋಳು. ಮೊದಲೆರಡು ಸಲ ನಾನು ಕೇಳಿದ್ದು ಅವಳಿಗೆ ಸರಿಯಾಗಿ ಕೇಳಿಸಿರಲಿಲ್ಲ.

ನೀಲಿ ಶರ್ಟು

ಆಪರೇಷನ್ ಆಯ್ತು, ಪಟ್ಟಿ ಬಿಚ್ಚಿದರು. ಮಾರನೇ ದಿನ ಬೆಳಿಗ್ಗೆ ವಾರಗಿತ್ತಿಯನ್ನೂ ಎಳಕೊಂಡು ಹಿತ್ತಿಲಿಗೆ ಬಂದೆ. ತಲೆ ಎತ್ತಿ ನೋಡ್ತೀನಿ, ತಾರಸಿ ಮೇಲೆ ಒಂದು ನೀಲಿ ಡ್ರಮ್ಮು. ಅದರ ಮೇಲೆ ಕವುಚಿಟ್ಟ ಕರೀ ಬಾಂಡ್ಲಿ.

"ಇದೇನಾ ಅಕ್ಕಾ ನಿನ್ನ ಗಂಡಸು?" ವಾರಗಿತ್ತಿ ನಕ್ಕೂ ನಕ್ಕೂ ಕೂತೇಬಿಟ್ಟಳು.

ನಾನು ಸೋಲ್ತೀನಾ? "ನನ್ನ ಕಣ್ಣು ಸರಿಹೋಯ್ತು ಅಂತ ತಿಳಿದ ಮೇಲೆ ಅವನು ಇರ್ತಾನೇನೇ? ಓಡಿಹೋಗಿದ್ದಾನೆ. ಆ ಜಾಗದಲ್ಲಿ ಡ್ರಮ್ಮು ಇಟ್ಟಿದ್ದಾರೆ" ಅಂದೆ.

ಹಾಗಂದೆನೇ ಹೊರತು ನನಗೇ ನಂಬಿಕೆ ಬರಲಿಲ್ಲ. ನೇರ ಹಾಲಿನ ಡೈರಿಗೆ ಹೋದೆ. ಡ್ರಮ್ಮಿನ ಮಾತೇ ಎತ್ತದೆ, ಹಾಲು ಹಾಕೋಕೆ ಬಂದಿದ್ದ ಹೆಂಗಸರನ್ನ, ಆ ಟೀಚರಮ್ಮನ ತಾರಸಿ ಮೇಲೆ ಇವತ್ತು ಯಾರಾದ್ರೂ ಕಂಡರಾ ಅಂತ ಮೆಲ್ಲಗೆ ವಿಚಾರಿಸಿದೆ.

ಮೂರು ಜನ ನೋಡಿದ್ದರು. ಒಬ್ಬಳು, ಅದೇ ನೀಲಿ ಶರ್ಟು ಅಂದಳು. ಇನ್ನೊಬ್ಬಳು, ತಲೆ ಬಾಚಿಕೊಳ್ತಾ ನಿಂತಿದ್ದ ಅಂದಳು. ಮೂರನೆಯವಳನ್ನು ನೋಡಿ ಅವನು ನಕ್ಕನಂತೆ.

ಮೂರು ಜನರಿಗೆ ಅಷ್ಟು ಚೆನ್ನಾಗಿ ಕಂಡ ಗಂಡಸು ನನಗೊಬ್ಬಳಿಗೇ ಡ್ರಮ್ಮಾಗಿ ಕಾಣ್ತಾನೆ ಅಂದಮೇಲೆ ಇನ್ನೇನು ಉಳೀತು?

ಡಾಕ್ಟರು ಹೇಳಿದ ಆ ನೂರಕ್ಕೊಬ್ಬಳು ನಾನೇ.