ಹೂಂ ಅಂದರೆ ನಿಲ್ಲುವ ಕತೆಗಾರ

ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರಾದರೂ ನನಗೆ ಇಂಥವು ತಪ್ಪುವುದಿಲ್ಲ. ಎಲ್ಲಿ ಹೊಸ ತಮಾಷೆ ನಡೆದರೂ ನನಗೊಂದು ಕುರ್ಚಿ ಹಾಕಿರುತ್ತಾರೆ. ಈ ಸಲ ಹಾಕಿಸಿದವಳು ನನ್ನ ಹಳೆಯ ಶಿಷ್ಯೆ. ಕೊಟ್ಟೂರಿನ ಹಳೇ ಶೇಂಗಾ ಗೋದಾಮಿನಲ್ಲಿ ಅವಳ ಕಲಾಪ್ರದರ್ಶನ. ಒಂದು ಮೈಕು, ಒಂದು ಕಂಪ್ಯೂಟರು, ಗೋಡೆ ತುಂಬ ಪರದೆ, ಅಷ್ಟೇ. ನಾವು ಒಂದೆರಡು ಮಾತು ಕೊಟ್ಟರೆ ಯಂತ್ರವೇ ಕತೆ ಕಟ್ಟಿ ಹೇಳುತ್ತ ಚಿತ್ರ ಬರೆಯುತ್ತದೆ. ಗೋದಾಮಿನಲ್ಲಿ ಇನ್ನೂ ಶೇಂಗಾ ವಾಸನೆ ಇತ್ತು. ಚಿಕ್ಕಂದಿನಲ್ಲಿ ಅಲ್ಲಿ ಚೀಲಗಳ ಮೇಲೆ ಕುಣಿದದ್ದು ನೆನಪಾಗಿ ನನಗೆ ಯಂತ್ರಕ್ಕಿಂತ ಆ ವಾಸನೆಯೇ ಹಿಡಿಸಿತು.

ಕುರಿ ಮತ್ತು ನಾಯಿ

ಮೊದಲು ಬಂದವರು ಉಜ್ಜಿನಿ ಕಡೆಯ ಕುರಿಗಾರರೊಬ್ಬರು. "ಕುರಿ, ನಾಯಿ, ತ್ವಾಳ" ಅಂದರು. ಪರದೆಯ ಮೇಲೆ ಹಸಿರು ಗುಡ್ಡ, ದುಂಡನೆಯ ಬಿಳಿ ಕುರಿಗಳು, ಕೊರಳಿಗೆ ರಿಬ್ಬನ್ ಕಟ್ಟಿದ ಪುಟ್ಟ ನಾಯಿ ಮೂಡಿದವು. ತೋಳ ಇನ್ನೂ ಬಂದಿರಲಿಲ್ಲ.

"ಹೆಂಗೈತ್ರಿ?" ಎಂದಳು ಶಿಷ್ಯೆ.

"ಕುರಿ ಚಲೋ ಮೇದಾವು. ಆದ್ರ ತ್ವಾಳ ಬಂತಂದ್ರ ಈ ನಾಯೀನ್ನ ಕುರಿಗಳೇ ಕಾಯಬೇಕು ನೋಡವ್ವ."

ಹೂಂ

ಮರುದಿನ ಊಟವಾದ ಮೇಲೆ ಅವ್ವನನ್ನು ಕರೆದೊಯ್ದೆ. ಅವಳ ಅಜ್ಜಿ ಹೇಳುತ್ತಿದ್ದ ಕತೆಯೊಂದರ ಕೊನೆ ಅವ್ವನಿಗೆ ಗೊತ್ತಿಲ್ಲ. ಸೊಸೆಯೊಬ್ಬಳು ಟಗರಿನ ಬೆನ್ನೇರಿ ತವರಿಗೆ ಹೊರಟಿದ್ದಾಳೆ. ಅವಳು ತವರು ಮುಟ್ಟುವಷ್ಟರಲ್ಲಿ ಅವ್ವ ನಿದ್ದೆ ಹೋಗುತ್ತಿದ್ದಳು. ಹೂಂಗುಟ್ಟುವುದು ನಿಂತರೆ ಅಜ್ಜಿ ಕತೆಯನ್ನೂ ನಿಲ್ಲಿಸಿಬಿಡುತ್ತಿದ್ದಳು. ಅವ್ವನಿಗೀಗ ಹಲ್ಲು ಉಳಿದಿಲ್ಲ, ಆ ಸೊಸೆಯ ಚಿಂತೆ ಮಾತ್ರ ಉಳಿದಿದೆ.

"ಸೊಸಿ, ಟಗರು, ತವರು" ಅಂದಳು ಅವ್ವ. ಯಂತ್ರ ಶುರು ಮಾಡಿತು: "ಒಂದೂರಿನಲ್ಲಿ ಒಬ್ಬ ಸೊಸೆ ಇದ್ದಳು."

"ಹೂಂ" ಎಂದಳು ಅವ್ವ.

ಯಂತ್ರ ನಿಂತಿತು. "ಹೇಳಿ, ನಾನು ಕೇಳುತ್ತಿದ್ದೇನೆ."

"ನಾನೇನು ಹೇಳ್ಲಿ? ನೀನು ಹೇಳು."

ಮತ್ತೆ ಕತೆ, ಮತ್ತೆ ಹೂಂ, ಮತ್ತೆ "ಹೇಳಿ, ನಾನು ಕೇಳುತ್ತಿದ್ದೇನೆ." ಅವ್ವ ನನ್ನ ಕಡೆ ತಿರುಗಿದಳು. "ಲೇ, ಇದು ಕತಿ ಹೇಳಾಕ ಬಂದೈತೋ, ಕೇಳಾಕ ಬಂದೈತೋ?"

ತವರಿನ ದಾರಿ

"ಅಜ್ಜೀ, ನಡುವ ದನಿ ಕೇಳಿದ್ರ ಅದು ನಿಲ್ಲತೈತ್ರಿ. ಸುಮ್ಮನ ಕೇಳ್ರಿ" ಎಂದಳು ಶಿಷ್ಯೆ. ಅವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತಳು.

ಈಗ ಕತೆ ಸಾಗಿತು. ಟಗರು ಹಗರಿ ಹೊಳೆ ದಾಟಿತು. ತವರಿನ ಹೊಲ ಕಂಡಿತು. ಇನ್ನೇನು ಮುಟ್ಟಬೇಕು, ನನ್ನ ಪಕ್ಕದಿಂದ ಗೊರಕೆ ಕೇಳಿಸಿತು.

ಯಂತ್ರ ನಿಂತಿತು. "ಹೇಳಿ, ನಾನು ಕೇಳುತ್ತಿದ್ದೇನೆ."

ಅವ್ವ ಗೊರಕೆ ಹೊಡೆದಳು.

"ದಯವಿಟ್ಟು ಇನ್ನೊಮ್ಮೆ ಹೇಳಿ."

ಅವ್ವ ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ಹೇಳಿದಳು.

ಎಚ್ಚರವಾದಾಗ ಅವಳು ಕೇಳಿದ್ದು ಒಂದೇ: "ಮುಟ್ಟಿದ್ಲೇನೋ?"

ನನಗೆ ಸಂಕಟವಾಯಿತು. "ಇಲ್ಲವ್ವ. ನೀ ಮಕ್ಕಂಡಿ, ಅದೂ ಅಲ್ಲಿಗೇ ನಿಲ್ಲಿಸ್ತು."

ಅವ್ವನ ಮುಖ ಅರಳಿತು. ಎದ್ದು ಸೆರಗು ಸರಿಮಾಡಿಕೊಂಡಳು.

"ಹಂಗಾರ ಅದಕ್ಕೀಗ ಕತಿ ಹೇಳಾಕ ಬಂತು ನೋಡು."