ಟೀವಿ ತಾಯಿಗೆ ಸುಣ್ಣದ ಡಬ್ಬಿ

ಯೋಜನೆ ಹಾಕಿ ಮಾಡಿದ ಕೆಲಸ ಎಂದೂ ಕೆಡುವುದಿಲ್ಲ ಎಂದು ಭಾಲ್ಕಿಯ ಶಾಲೆಯಲ್ಲಿ ಮಕ್ಕಳಿಗೆ ವರ್ಷಗಟ್ಟಲೆ ಬೋಧಿಸಿಕೊಂಡು ಬಂದವಳು ನಾನು. ಎಳ್ಳಮಾವಾಸ್ಯೆಯ ದಿನ ಬೆಳಿಗ್ಗೆ ಬೀದರಕ್ಕೆ ಹೋಗಿ, ತುಂಗಕ್ಕನನ್ನು ಕಂಡು, ಅವಳ ಕೈಗೆ ಊಟದ ಡಬ್ಬಿ ಕೊಟ್ಟು, ಮಧ್ಯಾಹ್ನದ ಹೊತ್ತಿಗೆ ಮೆಹಕರದ ನಮ್ಮ ಹೊಲದಲ್ಲಿ ಅವ್ವನ ಪಕ್ಕ ಕೂತು ಉಣ್ಣಬೇಕೆಂದು ಯೋಜನೆ ಹಾಕಿದೆ. ಆ ಯೋಜನೆಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷವೆಲ್ಲ ಇದ್ದದ್ದು ಡಬ್ಬಿಯಲ್ಲಿ!

ತುಂಗಕ್ಕ ಯಾರೆಂದು ಮೊದಲು ಹೇಳಬೇಕು. ನಾನು ಚಿಕ್ಕವಳಿದ್ದಾಗ ಪ್ರತಿ ಭಾನುವಾರ ಟೀವಿಯಲ್ಲಿ ‘ತುಂಗಕ್ಕನ ಪಂಕ್ತಿ’ ಎಂಬ ಧಾರಾವಾಹಿ ಬರುತ್ತಿತ್ತು. ಕಥೆ ಏನೂ ದೊಡ್ಡದಲ್ಲ. ಮನೆ ತುಂಬ ಮಕ್ಕಳು, ಅವರು ಮಾಡುವ ಅವಾಂತರಗಳು, ಕೊನೆಗೆ ಎಲ್ಲರನ್ನೂ ಸಾಲಾಗಿ ಕೂರಿಸಿ ತುಂಗಕ್ಕ ಬಡಿಸುವುದು. ಬಡಿಸಿದ ಮೇಲೆ ಅವಳು ತಲೆಯೆತ್ತಿ ಟೀವಿಯೊಳಗಿಂದ ನೇರವಾಗಿ ನಮ್ಮ ಕಡೆ ನೋಡಿ, “ನಿನ್ನ ಊಟ ಆಯ್ತಾ ಕಂದಾ?” ಎಂದು ಕೇಳುತ್ತಿದ್ದಳು. ಅಲ್ಲಿಗೆ ಮುಗಿಯಿತು. ಮುಂದೆ ಸಾಬೂನಿನ ಜಾಹೀರಾತು.

ಅವು ಬರದ ವರ್ಷಗಳು. ನಮ್ಮ ಬಾವಿ ಬತ್ತಿತ್ತು. ಅವ್ವ, ಅಪ್ಪ ಊರಿನ ಅರ್ಧ ಜನರ ಜೊತೆ ಪುಣೆಗೆ ಇಟ್ಟಿಗೆ ಹೊರಲು ಹೋಗಿದ್ದರು. ನಾನು ಮೆಹಕರದಲ್ಲಿ ಆಯಿಯ ಬಳಿ, ಅಂದರೆ ಅಜ್ಜಿಯ ಬಳಿ ಉಳಿದಿದ್ದೆ. ಊರಿಗೆಲ್ಲ ಒಂದೇ ಟೀವಿ, ಅದೂ ಕಿರಾಣಿ ಅಂಗಡಿಯವರ ಪಡಸಾಲೆಯಲ್ಲಿ. ತುಂಗಕ್ಕ ಕೇಳಿದ ಕೂಡಲೇ ನಾನು ಮಂದಿಯ ನಡುವಿನಿಂದ ಗಟ್ಟಿಯಾಗಿ, “ಹೂಂ, ಆಯ್ತ್ರಿ!” ಎನ್ನುತ್ತಿದ್ದೆ. ಕೆಲವು ದಿನ ಊಟ ಆಗಿರುತ್ತಿರಲಿಲ್ಲ. ಆದರೆ ಹೊರಗಿನವರ ಮುಂದೆ ಉಂಡಿಲ್ಲ ಅನ್ನಬಾರದೆಂದು ಆಯಿ ಕಲಿಸಿದ್ದಳು. ಎಲ್ಲರೂ ನಗುತ್ತಿದ್ದರು, ನನಗೆ ನಗು ಬರುತ್ತಿರಲಿಲ್ಲ. ನನಗೆ ಅವ್ವ ಬೇಕಾಗಿದ್ದಳು. ಅವ್ವ ಮಳೆ ಬಿದ್ದರೆ ಬರುವವಳು, ತುಂಗಕ್ಕ ಭಾನುವಾರ ಬಂದರೆ ತಪ್ಪದೆ ಬರುವವಳು. ಒಮ್ಮೆಯಾದರೂ ಅವಳು ನನ್ನೆದುರಿಗೆ ನಿಂತು, ನನ್ನನ್ನೇ ನೋಡಿ, ಆ ಮಾತು ಕೇಳಬೇಕೆಂಬ ಆಸೆ ಆಗ ಹುಟ್ಟಿದ್ದು ತಲೆಗೂದಲು ಬೆಳ್ಳಗಾದರೂ ಹೋಗಿರಲಿಲ್ಲ.

ಹೀಗಿರುವಾಗ ಹಬ್ಬಕ್ಕೆ ಎರಡು ದಿನ ಮೊದಲು, ಭಾಲ್ಕಿ ಬಜಾರಿನಲ್ಲಿ ನಾನೂ ನನ್ನ ಯಜಮಾನರೂ ಕಾಯಿಪಲ್ಯ ಕೊಳ್ಳುತ್ತಿದ್ದಾಗ, ಔರಾದ ಕಡೆಯಿಂದ ಒಂದು ಜೀಪು ಕೂಗಿಕೊಂಡು ಬಂತು. ಬೀದರದಲ್ಲಿ ಭಾರಿ ಭಾಂಡಿ ಅಂಗಡಿಯ ಉದ್ಘಾಟನೆ! ಪಾತ್ರೆ ಪಡಗಗಳ ಮೇಲೆ ರಿಯಾಯಿತಿ! ‘ತುಂಗಕ್ಕನ ಪಂಕ್ತಿ’ಯ ಇಡೀ ತಂಡ ಬರಲಿದೆ! ನನ್ನ ಕೈಯಲ್ಲಿದ್ದ ಬದನೆಕಾಯಿ ಕೆಳಗೆ ಬಿತ್ತು.

“ಏನ್ರಿ, ಕೇಳಿದಿರಿಲ್ಲ? ತುಂಗಕ್ಕ ಬರ್ತಾಳಂತ!”

“ಕೇಳಿದೆ. ಎಳ್ಳಮಾಸಿ ದಿನ ಯಾವ ಶಾಣ್ಯಾ ಅಂಗಡಿ ತೆಗೀತಾನ? ಆವತ್ತ ಬೀದರದಾಗ ನಾಯಿ ಸೈತ ಹೊಲಕ ಹೋಗಿರ್ತದ.”

ಯಜಮಾನರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಆ ದಿನ ನಮ್ಮ ಕಡೆ ಪೇಟೆ, ಹೋಟೆಲು, ಮನೆ ಎಲ್ಲಕ್ಕೂ ಬೀಗ. ಎಲ್ಲರೂ ಹೊಲದಲ್ಲಿ. ಐದು ಕಲ್ಲಿಗೆ ಸುಣ್ಣ ಬಳಿದು, ಅವನ್ನು ಪಾಂಡವರೆಂದು ಪೂಜಿಸಿ, ನೈವೇದ್ಯದ ಅಡುಗೆಯನ್ನು ಪೈರಿಗೆ ಚರಗವೆಂದು ಚೆಲ್ಲಿ, ಆಮೇಲೆ ಭಜ್ಜಿ, ಕಡಬು, ಅಂಬಲಿ ಉಣ್ಣುವುದು. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಸಿಕ್ಕ ಕಾಯಿಪಲ್ಯ, ಕಾಳುಗಳನ್ನೆಲ್ಲ ಹಾಕಿ ಕುದಿಸಿದ ಪಲ್ಯ. ದಾರಿಯಲ್ಲಿ ಹೋಗುವ ಅಪರಿಚಿತರನ್ನೂ ಕರೆದು ಉಣ್ಣಿಸದೆ ಬಿಡುವುದಿಲ್ಲ.

“ಮಂದಿ ಇರದಿದ್ರ ಛಲೋನೇ ಆಯ್ತು, ತುಂಗಕ್ಕ ನನ್ನ ಕೂಡ ಮಾತಾಡ್ತಾಳ” ಎಂದೆ. ಅವರು ಬಿದ್ದ ಬದನೆಕಾಯಿ ಎತ್ತಿ ಚೀಲಕ್ಕೆ ಹಾಕಿಕೊಂಡರು.

ಹಬ್ಬದ ಬೆಳಿಗ್ಗೆ ಯಜಮಾನರು ಮೋಟರ್ ಸೈಕಲ್ಲಿನಲ್ಲಿ ಸುಣ್ಣದ ಡಬ್ಬಿಯೊಂದಿಗೆ ಸೀದಾ ಮೆಹಕರಕ್ಕೆ, ನಾನು ಊಟದ ಡಬ್ಬಿಯೊಂದಿಗೆ ಬಸ್ಸಿನಲ್ಲಿ ಬೀದರಕ್ಕೆ, ಇದು ಏರ್ಪಾಡು. ಎರಡೂ ಯಾರದೋ ಮದುವೆಯ ಆಯಾರದಲ್ಲಿ ಉಡುಗೊರೆಯಾಗಿ ಬಂದ ಒಂದೇ ಥರದ ಸ್ಟೀಲ್ ಡಬ್ಬಿಗಳು. ನಾನೇ ಎರಡಕ್ಕೂ ಒಂದೇ ಥರದ ಬಟ್ಟೆ ಕಟ್ಟಿದ್ದೆ.

“ಯಾವುದು ಯಾವುದು ಅಂತ ಬಿಚ್ಚಿ ನೋಡು, ಶಾಂತಾ.”

“ನಾನು ಸಾಲಿ ಟೀಚರ್ ಇದ್ದೀನ್ರಿ. ನನಗ ಕಲಿಸಬ್ಯಾಡ್ರಿ!”

ಬೀದರದಲ್ಲಿ ಇಳಿದರೆ ಒಂದು ಆಟೋ ಇಲ್ಲ. ಅಷ್ಟು ದೂರ ಡಬ್ಬಿ ಹೊತ್ತು ನಡೆದೆ. ಭಜ್ಜಿ ಯಾಕೆ ಇಷ್ಟು ಭಾರ ಎಂಬ ಸಂಶಯ ಬಂತು. ಪ್ರೀತಿಯಿಂದ ಜಾಸ್ತಿ ತುಂಬಿರಬೇಕೆಂದು ನನ್ನನ್ನೇ ಮೆಚ್ಚಿಕೊಂಡೆ.

ಅಂಗಡಿಯ ಮುಂದೆ ಶಾಮಿಯಾನ, ಸಾಲು ಸಾಲು ಖಾಲಿ ಕುರ್ಚಿ. ಮಾಲೀಕರು ತುಮಕೂರು ಕಡೆಯವರಂತೆ. ಜರಿ ಪೇಟ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದವರು ನನ್ನನ್ನು ಕಂಡದ್ದೇ ಓಡಿ ಬಂದರು.

“ಬನ್ನಿ ಮೇಡಂ, ಬನ್ನಿ! ಉಳಿದವರು ಹಿಂದೆ ಬರ್ತಿದಾರಾ?”

“ಯಾರ್ರಿ?”

“ಜನ! ಇವತ್ತು ಜಿಲ್ಲೆಗೆಲ್ಲ ರಜಾ ಅಂದ್ರು. ರಜಾ ಅಂದ್ರೆ ಜನ ಪೇಟೆಗೆ ಬರ್ತಾರೆ ಅಂದ್ಕೊಂಡೆ!”

ನನಗೆ ಪಾಪ ಅನ್ನಿಸಿತು. ಆ ಪಾಪವೇ ನನಗೆ ಮುಳುವಾಯಿತು. ವಿಡಿಯೋದಲ್ಲಿ ಜನ ಕಾಣದಿದ್ದರೆ ಮರ್ಯಾದೆ ಹೋಗುತ್ತದೆಂದು ಅವರು ಅಂಗಲಾಚಿದರು. ನಾನು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ತಲೆಯ ಮೇಲೆ ಸೆರಗು ಹೊದ್ದು ಎರಡನೆಯ ಸಾಲಿನಲ್ಲಿ ತಟ್ಟಿದೆ. ಕನ್ನಡಕ ತೆಗೆದು ಹಿಂದಿನ ಸಾಲಿನಿಂದ ಶಿಳ್ಳೆ ಹೊಡೆಯಲು ಹೋಗಿ ಬರೀ ಗಾಳಿ ಬಂತು. ಭಾಲ್ಕಿ ತಾಲೂಕಿನ ಜನಸಾಗರವನ್ನು ನಾನೊಬ್ಬಳೇ ನಿಭಾಯಿಸಿದೆ!

ಆಗ ವೇದಿಕೆಗೆ ಇಡೀ ತಂಡ ಬಂತು. ಇಡೀ ತಂಡವೆಂದರೆ ಇಬ್ಬರು. ಒಬ್ಬರು ಬೋಳು ತಲೆ, ದೊಡ್ಡ ಹೊಟ್ಟೆ. ತುಂಗಕ್ಕನ ಕೊನೆಯ ಮಗ ಗುಂಡು, ಮುದ್ದುಗುಂಡು, ಇವರೇ ಅಂತೆ. ಇನ್ನೊಬ್ಬರು ಕಂಬ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಬಿಳಿ ಕೂದಲಿನ ಅಜ್ಜಿ. ಅವರು ಕುರ್ಚಿಯಲ್ಲಿ ಕೂತು ತಲೆಯೆತ್ತಿದರು. ಅದೇ ತಲೆಯೆತ್ತುವ ರೀತಿ! ನನಗೆ ಕಿರಾಣಿ ಅಂಗಡಿಯವರ ಪಡಸಾಲೆ ನೆನಪಾಯಿತು. ಜನಸಾಗರದ ಕೆಲಸ ಬಿಟ್ಟು ಡಬ್ಬಿ ಎತ್ತಿಕೊಂಡು ವೇದಿಕೆ ಹತ್ತಿ ಅವರ ಎದುರು ನಿಂತೆ. ಅವರು ನನ್ನನ್ನೇ ನೋಡಿದರು. ಬಾಯಿ ತೆರೆದರು.

“ಇಲ್ಲಿ ತಿನ್ನೋಕೆ ಏನಾದ್ರೂ ಸಿಗುತ್ತೇನಮ್ಮ? ಬೆಳಗಿನಿಂದ ಒಂದು ಲೋಟ ಕಾಫಿ ಇಲ್ಲ. ಊರೆಲ್ಲ ಬಾಗಿಲು ಹಾಕಿದೆ.”

ನಾನು ಬಯಸಿದ ಮಾತು ಇದಲ್ಲ. ಆದರೂ ಇಂಥ ಅವಕಾಶ ಯಾವ ಅಭಿಮಾನಿಗೆ ಸಿಗುತ್ತದೆ? ಎಷ್ಟೋ ಮಕ್ಕಳಿಗೆ ಬಡಿಸಿದ ಕೈಗೆ ಇಂದು ನಾನು ಬಡಿಸುತ್ತೇನೆ! “ನಿಮ್ಮ ಸಲುವಾಗೇ ತಂದೇನ್ರಿ” ಎಂದು ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದು, ಡಬ್ಬಿ ನೋಡದೆ ಅವರ ಮುಖವನ್ನೇ ನೋಡುತ್ತ ಮುಂದೆ ಹಿಡಿದೆ.

“ಅಯ್ಯೋ, ಮೊಸರನ್ನ!” ಎಂದರು ತುಂಗಕ್ಕ. ಅವರ ಮುಖ ಅರಳಿತು. ಬಲಗೈ ಡಬ್ಬಿಯತ್ತ ಬಂತು.

ಮೊಸರನ್ನ ನಾನು ಮಾಡಿರಲಿಲ್ಲ. ಬಗ್ಗಿ ನೋಡಿದೆ. ಸುಣ್ಣ! ನನ್ನ ಕೈ ತಾನಾಗಿ ಮೇಲೆದ್ದು ಫಟ್ ಎಂದು ಅವರ ಕೈ ಮೇಲೆ ಬಿತ್ತು. ತುಂಗಕ್ಕನ ಕೈಗೆ ಹೊಡೆದ ಅಭಿಮಾನಿ ಕರ್ನಾಟಕದಲ್ಲಿ ನಾನೊಬ್ಬಳೇ ಇರಬೇಕು. ಮಾಲೀಕರು ಅದನ್ನೂ ವಿಡಿಯೋ ಮಾಡಿಕೊಂಡರು.

ಅದೇ ಹೊತ್ತಿಗೆ ಯಜಮಾನರ ಫೋನು.

“ಪಾಂಡವರಿಗಿ ಸುಣ್ಣ ಹಚ್ಚಬೇಕಂತ ಡಬ್ಬಿ ತೆರದ್ರ ಭಜ್ಜಿ! ಸುಣ್ಣ ಎಲ್ಲದ?”

“ತುಂಗಕ್ಕನ ಮುಂದ ಅದರಿ.”

“ಪೂಜಾ ಆಗೂತನಕ ಇಲ್ಲಿ ಯಾರೂ ಉಣ್ಣಂಗಿಲ್ಲ. ನಿಮ್ಮ ಅವ್ವ ಮುಂಜಾನಿಂದ ನೀರೂ ಕುಡದಿಲ್ಲ. ಜಲ್ದಿ ಬಾ!”

ಬಸ್ಸಿಲ್ಲ, ಆಟೋ ಇಲ್ಲ. ತಂಡಕ್ಕೊಂದು ವ್ಯಾನಿತ್ತು, ಆದರೆ ಊಟವಿರಲಿಲ್ಲ. ನಮ್ಮ ಹೊಲದಲ್ಲಿ ಊಟವಿತ್ತು, ಆದರೆ ಸುಣ್ಣವಿರಲಿಲ್ಲ. “ಬರ್ರಿ, ನಮ್ಮ ಹೊಲ ಇಲ್ಲೇ ಅದ” ಎಂದೆ. ಶಾಲೆಯಲ್ಲಿ ಭೂಗೋಳ ಕಲಿಸುವವಳು ಇಂಥ ಮಾತು ಹೇಳಬಾರದಿತ್ತು.

ತುಂಗಕ್ಕ ರಿಬ್ಬನ್ ಕತ್ತರಿಸಿದ ಕೂಡಲೇ ವ್ಯಾನು ಹೊರಟಿತು. ದಾರಿಯುದ್ದಕ್ಕೂ ಜೋಳದ ಹೊಲಗಳಲ್ಲಿ ಜನ ಪಂಕ್ತಿಯಾಗಿ ಕೂತು ಉಣ್ಣುತ್ತಿದ್ದರು. ವ್ಯಾನು ಕಂಡ ಕೂಡಲೇ ಎದ್ದು ಕೈ ಬೀಸಿ, “ಬರ್ರಿ, ಉಂಡ ಹೋಗ್ರಿ!” ಎಂದು ಕೂಗುತ್ತಿದ್ದರು. ಗುಂಡು ಅವರು ಕಿಟಕಿಗೆ ಮೂಗು ಒತ್ತಿ, “ಇಲ್ಲೇ ಇಳಿಯೋಣ ಮೇಡಂ” ಎಂದು ಗೋಗರೆದರು. “ಇನ್ನೇನು ಬಂತ್ರಿ” ಎಂದೆ. ಭಾಲ್ಕಿ ಹೋಯಿತು. ಸಾಯಗಾಂವದ ಕಡೆಯ ಕೆಟ್ಟ ರಸ್ತೆಯಲ್ಲಿ ತುಂಗಕ್ಕ ಕಣ್ಣು ಮುಚ್ಚಿಕೊಂಡರು. ನನ್ನ ತೊಡೆಯ ಮೇಲೆ ಸುಣ್ಣ ಕುಲುಕುತ್ತಿತ್ತು.

ಹೊಲ ಮುಟ್ಟಿದಾಗ ಬಿಸಿಲು ಇಳಿಯಲು ಹತ್ತಿತ್ತು. ಅವ್ವ ಬದುವಿನ ಮೇಲೆ ನಿಂತಿದ್ದಳು. ಬೈಯಲು ಬಾಯಿ ತೆರೆದವಳು ಹಿಂದೆ ಬಂದ ಅತಿಥಿಗಳನ್ನು ಕಂಡು ಬೈಗುಳ ನುಂಗಿದಳು. ಯಜಮಾನರು ಅವಸರದಲ್ಲಿ ಸುಣ್ಣ ಬಳಿದರು, ಪೂಜೆಯಾಯಿತು, ಚರಗ ಚೆಲ್ಲಿದರು. ಅವ್ವ ಅತಿಥಿಗಳನ್ನು ಕೂರಿಸಿ ಬಡಿಸತೊಡಗಿದಳು.

“ಯಾರವಾ ಇವರು?” ಎಂದು ಮೆಲ್ಲಗೆ ಕೇಳಿದಳು.

“ತುಂಗಕ್ಕ, ಅವ್ವಾ! ಟೀವಿದಾಗ ಬರ್ತಿದ್ದಳಲ್ಲ!”

ಅವ್ವನಿಗೆ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಆ ಭಾನುವಾರಗಳಲ್ಲಿ ಅವಳು ಪುಣೆಯಲ್ಲಿ ಇಟ್ಟಿಗೆ ಹೊರುತ್ತಿದ್ದಳು.

ತುಂಗಕ್ಕ ಉಂಡರು. ಅಬ್ಬಾ, ಏನು ಉಂಡರು! ಭಜ್ಜಿ ಮತ್ತೆ ಹಾಕಿಸಿಕೊಂಡರು, ಕಡಬು ಕೇಳಿ ಹಾಕಿಸಿಕೊಂಡರು. ನಡುವೆ ನಗುತ್ತ ಹೇಳಿದರು, “ಶೂಟಿಂಗ್‌ನಲ್ಲಿ ನಾನು ಬಡಿಸ್ತಿದ್ದದ್ದು ತಣ್ಣಗಿನ ಒಣ ಅನ್ನ ಕಣಮ್ಮ. ಇಡೀ ದಿನ ಅದನ್ನೇ ತಿರುಗಿಸಿ ತಿರುಗಿಸಿ ಬಡಿಸೋದು. ಪಾಪ, ಮಕ್ಕಳು ತಿಂದ ಹಾಗೆ ಮಾಡ್ತಿದ್ವು.” ಗುಂಡು ಅವರು ಬಾಯಿ ತುಂಬ ಕಡಬು ಇಟ್ಟುಕೊಂಡು ತಲೆಯಾಡಿಸಿದರು. ಆ ಅನ್ನ ನೋಡಿ ನಾನು ಎಷ್ಟು ಭಾನುವಾರ ಬಾಯಲ್ಲಿ ನೀರೂರಿಸಿಕೊಂಡಿದ್ದೆ!

ಉಂಡು ಕೈ ತೊಳೆದು ತುಂಗಕ್ಕ ತಲೆಯೆತ್ತಿದರು. ನಾನು ಸೆರಗು ಸರಿಮಾಡಿಕೊಂಡು ನಿಂತೆ. ಅವರ ಕಣ್ಣು ನನ್ನನ್ನು ದಾಟಿ, ಅಂಬಲಿಯ ಗಡಿಗೆ ಹಿಡಿದು ನಿಂತಿದ್ದ ಅವ್ವನ ಮೇಲೆ ನಿಂತಿತು. ಅದೇ ದನಿಯಲ್ಲಿ ಕೇಳಿದರು, “ನಿಮ್ಮ ಊಟ ಆಯ್ತಾಮ್ಮ?”

“ಹೂಂ, ಆಯ್ತ್ರಿ!”

ಹೇಳಿದವಳು ಅವ್ವ ಅಲ್ಲ. ನಾನು. ಹೊಲದ ಆಚೆಯವರಿಗೂ ಕೇಳುವಂತೆ ಕೂಗಿಬಿಟ್ಟಿದ್ದೆ! ಪಕ್ಕದ ಹೊಲದವರು ತಿರುಗಿ ನೋಡಿದರು. ಯಜಮಾನರು ತಲೆ ತಗ್ಗಿಸಿದರು. ಅವ್ವ ಗಡಿಗೆ ಕೆಳಗಿಟ್ಟಳು.

“ಯಾಕ ಸುಳ್ಳ ಹೇಳ್ತಿ, ಹುಚ್ಚಿ? ನಂದೂ ಆಗಿಲ್ಲ, ನಿಂದೂ ಆಗಿಲ್ಲ.”

ಆಗ ನಾನು ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ಪಡಸಾಲೆ, ಭಾನುವಾರ, ಆಯಿ ಕಲಿಸಿದ ಉತ್ತರ, ಎಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ನನಗ ಯಾರೂ ಹೇಳಲೇ ಇಲ್ಲ” ಎಂದಳು. ತುಂಗಕ್ಕ ಎದ್ದು ನಮ್ಮಿಬ್ಬರನ್ನೂ ಪಕ್ಕಪಕ್ಕದಲ್ಲಿ ಕೂರಿಸಿ, ತಾವೇ ಗಡಿಗೆ ಎತ್ತಿಕೊಂಡರು. ಕೊನೆಗೂ ತುಂಗಕ್ಕನ ಕೈಯ ಊಟ! ಆದರೆ ಒಣ ಅನ್ನ ಬಡಿಸಿ ರೂಢಿಯಾದ ಕೈಗೆ ಅಂಬಲಿಯ ಅಂದಾಜು ಸಿಗಲಿಲ್ಲ. ಅವ್ವನ ವಾಟಿ ಬಟ್ಟಲಿಗೆ ಸರಿಯಾಗಿ ಬಿತ್ತು. ನನ್ನದು ನನ್ನ ಮಡಿಲಿಗೆ ಬಿತ್ತು.

ಹೊರಡುವ ಹೊತ್ತಿಗೆ ಅವ್ವ ಗಂಟಿನಿಂದ ಹೊಸ ಹಸಿರು ಸೀರೆ ತೆಗೆದಳು. ಪ್ರತಿ ವರ್ಷ ಈ ಹಬ್ಬಕ್ಕೆ ನನಗೊಂದು ಸೀರೆ ಇಟ್ಟು ಉಡಿ ತುಂಬುವುದು ಅವಳ ಪದ್ಧತಿ. ಒದ್ದೆ ಸೀರೆಯಲ್ಲಿದ್ದ ನಾನು ಸಂತೋಷದಿಂದ ಕೈ ಚಾಚಿದೆ. ಅವ್ವ ನನ್ನನ್ನು ದಾಟಿ ತುಂಗಕ್ಕನ ಬಳಿ ಹೋದಳು.

“ನಾನು ತಗೊಳ್ಳೋ ಹಾಗಿಲ್ಲಮ್ಮ. ಯಜಮಾನರು ಹೋಗಿ ಬಹಳ ವರ್ಷ ಆಯ್ತು.”

“ನಮ್ಮವರೂ ಹೋಗ್ಯಾರ. ಹಂಗಂತ ಹೊಲ ನಮಗ ಜ್ವಾಳ ಕೊಡೂದು ಬಿಟ್ಟದೇನ್ರಿ? ಹಿಡೀರಿ, ಅಕ್ಕಾ.”

ತುಂಗಕ್ಕ ಸೆರಗು ಒಡ್ಡಿದರು. ಸೀರೆಯನ್ನು ಕಣ್ಣಿಗೆ ಒತ್ತಿಕೊಂಡರು. ಇದು ನಟನೆಯಲ್ಲ ಎಂದು ನನಗೂ ಗೊತ್ತಾಯಿತು.

ಹೀಗೆ ನಾನು ಬೀದರಕ್ಕೆ ಹೋಗಿ ಅವ್ವನಿಗೆ ಒಬ್ಬ ಅಕ್ಕನನ್ನು ಹುಡುಕಿ ತಂದೆ. ಈಗ ವಾರಕ್ಕೊಮ್ಮೆ ಅವರಿಬ್ಬರಿಗೂ ಫೋನಿನಲ್ಲಿ ಮಾತು. ಅವ್ವನಿಗೆ ನಂಬರ್ ಒತ್ತಲು ಬರುವುದಿಲ್ಲ, ಮೆಹಕರಕ್ಕೆ ಹೋಗಿ ಹಚ್ಚಿಕೊಡುವುದು ನನ್ನ ಕೆಲಸ. ಮಂಡಿನೋವು, ಅಂಬಲಿಗೆ ಎಷ್ಟು ಮಜ್ಜಿಗೆ, ಗುಂಡುವಿಗೆ ಸಕ್ಕರೆ ಕಾಯಿಲೆ, ಮಾತು ಮುಗಿಯುವುದೇ ಇಲ್ಲ. ಮೊನ್ನೆ ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. “ತುಂಗಕ್ಕಾ, ನನಗೂ ಒಂದ ಸಲ ಊಟ ಆಯ್ತಾ ಅಂತ ಕೇಳ್ರಿ!”

“ದೊಡ್ಡವರು ಮಾತಾಡೂಮುಂದ ನಡುವ ಬರಬ್ಯಾಡಂತ ಎಷ್ಟ ಸಲ ಹೇಳಬೇಕ ನಿನಗ?” ಎಂದು ಅವ್ವ ಗದರಿದಳು.

ಶಾಲೆಯಲ್ಲಿ ಮಕ್ಕಳನ್ನು ಗದರಿಸುವ ನಾನು, ಕೈ ಕಟ್ಟಿಕೊಂಡು ಅವ್ವನ ಪಕ್ಕ ಸುಮ್ಮನೆ ಕೂತೆ.