ನಮ್ಮ ಪಾರ್ಟಿಯ ಹಾಜರಿ ಪುಸ್ತಕ

ಸತ್ತವರು ಸುಮ್ಮನಿರತಾರ ಅಂತ ಯಾರು ಹೇಳ್ಯಾರೋ, ಅವರು ನಮ್ಮ ಪಾರ್ಟಿಯವರಲ್ಲ ಬಿಡ್ರಿ. ನಮ್ಮ ಆಫೀಸಿನ್ಯಾಗ ತಿಂಗಳಿಗೊಂದರ ಇಂಥಾದ್ದು ಆಗಾಕ ಬೇಕು. ಮೊದಮೊದಲು ಅಂಜತಿದ್ನಿ. ಈಗ ಚಾ ಮಾಡುವಾಗ ಒಂದು ಕಪ್ಪು ಹೆಚ್ಚಿಗಿ ಇಡತೀನಿ, ಅಷ್ಟ.

ನಾ ಸಾಲಿ ಕಲತಾಕಿ ಅಲ್ಲ. ನಿಪ್ಪಾಣಿ ತಂಬಾಕು ವಖಾರ್ಯಾಗ, ಅಂದ್ರ ಆ ದೊಡ್ಡ ಗುದಾಮಿನ್ಯಾಗ, ಜರಡಿ ಹಿಡದು ತಂಬಾಕು ಚಾಳಿಸಿದಾಕಿ. ಮನಿಗೆ ಬಂದು ಬೀಡಿ ಕಟ್ಟಿದಾಕಿ. ಪಾರ್ಟ್ಯಾಗ ನನ್ನ ಹುದ್ದೆ ಒಂದ, ಆಫೀಸಿನ ಕೀಲಿಕೈ. ಅಧ್ಯಕ್ಷರು ನಾಕು ಮಂದಿ ಬದಲಾದ್ರು, ಕೀಲಿಕೈ ಬದಲಾಗಲಿಲ್ಲ.

೧. ತುಂಬಿದ ಮನಿ

ಆಗ ನಮ್ಮ ಪಾರ್ಟಿ ಅಂದ್ರ ಏನು ಜೋರು! ದುಡಿಯೋ ಮಂದಿ ಪಾರ್ಟಿ. ಮೋರ್ಚಾ ಐತಿ ಅಂದ್ರ ಚಿಕ್ಕೋಡಿ, ರಾಯಬಾಗದಿಂದ ಹೆಣಮಕ್ಕಳು ಟ್ರ್ಯಾಕ್ಟರ್ ತುಂಬಿ ಬರತಿದ್ರು. ಊರ ಇಲೆಕ್ಷನ್ನಿನ್ಯಾಗ ನಮ್ಮವರು ಆರಿಸಿ ಬಂದ್ರು. ರವಿವಾರ ಮಧ್ಯಾಹ್ನ ಮೀಟಿಂಗು. ಹಳೆ ವಖಾರಿಯ ಒಂದು ಖೋಲಿನ ನಮ್ಮ ಆಫೀಸು. ಕೂಡ್ರಾಕ ಜಾಗ ಸಾಲದ ಕಿಟಕ್ಯಾಗ ಕೂಡತಿದ್ರು. ಗ್ವಾಡಿಗೆಲ್ಲ ತಂಬಾಕಿನ ಘಾಟು. ಭಾಷಣಕ್ಕಿಂತ ಸೀನು ಹೆಚ್ಚು.

ಎಲ್ಲಾರಿಗಿಂತ ಜೋರು ಸೀನು ನಮ್ಮ ದರ್ಜಿ ಚಾಚಾಂದು. ಪಾರ್ಟಿ ಝೆಂಡಾ ಹೊಲಿಯಾಂವ ಅಂವ. ಕೊಳ್ಳಾಗ ಯಾವಾಗಲೂ ಅಳತಿ ಟೇಪು. ಮೂಲ್ಯಾಗಿನ ಖುರ್ಚಿ ಅವಂದು. ಠರಾವು ಓದಿದ ಕೂಡಲೆ ಮೂರು ಸಲ ಸೀನತಿದ್ದ. ಮೂರು ಸೀನು ಬಿತ್ತಂದ್ರ ಠರಾವು ಪಾಸಾತು ಅಂತ ನಾವು ನಗತಿದ್ವಿ.

ಚಾಚಾ ಒಂದು ಶುಕ್ರವಾರ ತೀರಕೊಂಡ. ರವಿವಾರ ಸೆಕ್ರೆಟರಿ ರೂಢಿಯಂತ ಹಾಜರಿ ಕರಕೋತ ಹೋದಾಂವ ಚಾಚಾನ ಹೆಸರೂ ಕರದಬಿಟ್ಟ. ಆಗ ನನ್ನ ಮಗ್ಗಲದಾಗ ಕುಂತಿದ್ದ ನನ್ನ ಗೆಳತಿ, ಬೀಡಿ ಕಟ್ಟಾಕ ನನಗ ಕಲಿಸಿದಾಕಿ, ತನ್ನ ಒಡಕು ದನಿಯಿಂದ ಅಂದ್ಲು:

"ಅದಾರ್ರಿ!"

ಎಲ್ಲಾರೂ ಕೂಡಿ ಅಂದ್ವಿ, "ಅದಾರ್ರಿ!" ಸೆಕ್ರೆಟರಿ ಕಣ್ಣೊರಸಿಕೊಂಡು ಹಾಜರಿ ಹಾಕಿದ. ಅವತ್ತಿನಿಂದ ಅದ ಪದ್ಧತಿ ಆತು. ಬದುಕಿದ್ದವರು ತಮ್ಮ ಹೆಸರಿಗೆ ತಾವ ಓಗೊಡೂದು, ಸತ್ತವರ ಹೆಸರಿಗೆ ಉಳಿದವರು ಓಗೊಡೂದು. ಯಾರ ಹೆಸರೂ ಹೊಡದು ಹಾಕೂದಿಲ್ಲ.

ಅವತ್ತ ಚಾಚಾನ ಖುರ್ಚಿಗೆ ಮಾಲಿ ಹಾಕಬೇಕಂತ ಠರಾವು ಓದಿದ್ರು. ಮೂಲ್ಯಾಗ ಯಾರೋ ಮೂರು ಸಲ ಸೀನಿದ್ರು. ತಿರುಗಿ ನೋಡಿದ್ವಿ. ಖುರ್ಚಿ ಖಾಲಿ. ಅಧ್ಯಕ್ಷರು ಗಂಟಲಾ ಸರಿಮಾಡಿಕೊಂಡು ಅಂದ್ರು, "ಠರಾವು ಪಾಸ್."

೨. ಭೋಜದ ಮೆಂಬರು

ಏರಿದ್ದು ಇಳೀತೈತಿ. ವಖಾರಿ ಒಂದೊಂದ ಬಾಗಲಾ ಹಾಕಿದ್ವು. ಬೀಡಿ ಸೇದವರ ಕಡಿಮಿ ಆದ್ರು. ಲೀಡರು ಲೀಡರು ಜಗಳಾಡಿ ಪಾರ್ಟಿ ಒಡೀತು. ಒಡದದ್ದು ಮತ್ತ ಒಡೀತು. ಕಡೀಕ ಒಡ್ಯಾಕೂ ಮಂದಿ ಸಾಲದಂಗಾತು.

ಒಂದು ಇಲೆಕ್ಷನ್ನಿಗೆ ಸೆಕ್ರೆಟರಿ ನನಗ ಅಂದ, "ಅಕ್ಕಾ, ಹಳೆ ಮೆಂಬರ ಮನಿಗೆಲ್ಲ ಹೋಗಿ ಬರೂಣು." ಭೋಜ ಅನ್ನೋ ಹಳ್ಳಿಗೆ ಹೋದ್ವಿ. ಬಾಗಲದಾಗ ಒಬ್ಬಾಕಿ ಮುದುಕಿ ಶೇಂಗಾ ಒಡಕೋತ ಕುಂತಿದ್ಲು.

"ಕಾಕಾ ಅದಾರೇನ್ರಿ ಮಾವಶಿ?" ಅಂದ ಸೆಕ್ರೆಟರಿ.

"ತೀರಿಕೊಂಡು ಮೂರು ವರ್ಷ ಆತಪಾ."

"ಅಯ್ಯ! ಇರಲಿ ಮಾವಶಿ, ನಮ್ಮ ಪುಸ್ತಕದಾಗ ಅವರು ಇನ್ನಾ ಅದಾರ. ಇನ್ನ ಮ್ಯಾಲ ಪ್ರತಿ ಮೀಟಿಂಗಿಗೆ ಅವರ ಹಾಜರಿ ನಾವ ಹಾಕತೀವಿ."

ಮುದುಕಿ ಶೇಂಗಾ ಕೆಳಗಿಟ್ಟಳು. ನನ್ನ ಮಾರಿ ನೋಡಿದ್ಲು. ಸಣ್ಣ ದನಿಲೆ ಅಂದ್ಲು, "ನಿನ್ನೆ ಕನಸಿನ್ಯಾಗ ಬಂದಿದ್ರವ್ವಾ. ಮೈಮ್ಯಾಲ ಬ್ಯಾರೆ ಪಾರ್ಟಿ ಬಣ್ಣದ ಶಲ್ಲೆ ಇತ್ತು. 'ನಾಳೆ ಅವರು ಬರತಾರ, ನಾ ಪಾರ್ಟಿ ಬಿಟ್ಟೀನಿ ಅಂತ ಹೇಳು' ಅಂದ್ರು."

ನಾವು ಬರತೀವಂತ ಯಾರಿಗೂ ಹೇಳಿರಲಿಲ್ಲ. ಬಸ್ ಹತ್ತುವಾಗ ಸೆಕ್ರೆಟರಿ ಅಂದ, "ಬದುಕಿದ್ದವರು ಪಾರ್ಟಿ ಬಿಟ್ರ ತಡಕೋಬೋದು ಅಕ್ಕಾ. ಸತ್ತವರೂ ಬಿಡಾಕತ್ರ ನಾವು ಯಾರನ ನಂಬಬೇಕು?"

೩. ಪೋಲಂಡದ ಪಾವ್ಣೇರು

ಆಮ್ಯಾಲ ಗೆಳತಿ ಹಾಸಿಗಿ ಹಿಡದ್ಲು. ತಂಬಾಕಿನ ಧೂಳು ಎದ್ಯಾಗ ಕುಂತಿತ್ತು. ದವಾಖಾನ್ಯಾಗ ನನ್ನ ಕೈ ಹಿಡಕೊಂಡು ಅಂದ್ಲು, "ಲೇ, ನನಗ ಮಕ್ಕಳಿಲ್ಲ ಮರಿಯಿಲ್ಲ. ನನ್ನ ಹೆಸರು ಕರದಾಗ 'ಅದಾಳ್ರಿ' ಅನ್ನಾಕ ನೀ ಒಬ್ಬಾಕಿ ಇರಬೇಕ ನೋಡ್." ಇರತೀನಂತ ಆಣಿ ಮಾಡಿದ್ನಿ. ಆಕಿ ಹೋದ್ಲು. ಆ ಆಣಿ ಸಲುವಾಗಿನ ನಾ ಇಷ್ಟು ದಿನ ಕೀಲಿಕೈ ಬಿಟ್ಟಿಲ್ಲ. ಆಫೀಸು ಮುಚ್ಚಿತಂದ್ರ ಪುಸ್ತಕ ರದ್ದಿಗೆ, ಆಕಿ ಹೆಸರೂ ರದ್ದಿಗೆ.

ಅಂಥಾದ್ರಾಗ ಪೋಲಂಡದಿಂದ ಒಬ್ಬರು ಪಾವ್ಣೇರು ಬಂದ್ರು. ಅಲ್ಲಿ ಅವರದೂ ನಮ್ಮಂಥಾದ ಪಾರ್ಟಿಯಂತ. ಬೀಡಿ ಕಟ್ಟವರ ಪಾರ್ಟಿ ನೋಡಬೇಕಂತ ಬಂದಿದ್ರು. ಜೋಡಿ ಕಾಲೇಜಿನ ಮಾಸ್ತರೊಬ್ಬರು, ಅವರ ಮಾತು ನಮಗ ಹೇಳಾಕ.

ಪಾವ್ಣೇರು ತಮ್ಮ ಕಥಿ ಹೇಳಿದ್ರು. ದೊಡ್ಡ ಪಾರ್ಟಿ ಒಡದು ಹೊರಗ ಬಂದು ಹೊಸಾದು ಕಟ್ಟಿದ್ರಂತ. ಮೊದಲ ಸಲಾನ ಆರಿಸಿ ಬಂದ್ರಂತ, ರಾಜ್ಯ ಆಳವರ ಜೋಡಿ ಕುಂತ್ರಂತ. ಆಮ್ಯಾಲ ಮಂದಿ ಕಡಿಮಿ ಆದ್ರು ಅಂತ ಇನ್ನೊಂದು ಪಾರ್ಟಿ ಜೋಡಿ ಕೂಡಿದ್ರು, ಮತ್ತೊಂದರ ಜೋಡಿ ಕೂಡಿದ್ರು. ಕೂಡಿ ಕೂಡಿ, ಹಾಲಿನ್ಯಾಗ ಕೂಡಿಸಿದ ನೀರಿನಂಗ, ತಾವು ಎಲ್ಲೆದೀವಿ ಅನ್ನೂದ ತಿಳೀಲಾರದಂಗ ಆದ್ರಂತ.

"ಈಗ ಆಫೀಸಿನ್ಯಾಗ ಯಾರದಾರ್ರಿ?" ಅಂತ ಕೇಳಿದ್ನಿ.

"ಒಬ್ಬಾಕಿ ಮುದುಕಿ. ಕೀಲಿಕೈ ಆಕಿ ಕಡೆ ಐತಿ," ಅಂದ್ರಂತ. ಮಾಸ್ತರು ಕನ್ನಡದಾಗ ಹೇಳುವಾಗ ನನ್ನ ಕೈಯಾಗಿನ ಕೀಲಿಕೈ ತಣ್ಣಗಾತು. ಸಾವಿರಾರು ಹರದಾರಿ ಆಚಿ ನನ್ನಂಥಾಕಿನ ಒಬ್ಬಾಕಿ ಕುಂತಾಳಲ್ಲ!

ಚಾ ಕುಡದು ಏಳುವಾಗ ಪಾವ್ಣೇರು ಮಾಸ್ತರ ಕಿವ್ಯಾಗ ಏನೋ ಅಂದ್ರು. ಮಾಸ್ತರು ಮೂಲ್ಯಾಗಿನ ಖಾಲಿ ಖುರ್ಚಿ ನೋಡಕೋತ ಅಂದ್ರು, "ಆ ಮೂಲ್ಯಾಗ ಕೊಳ್ಳಾಗ ಟೇಪು ಹಾಕ್ಕೊಂಡು ಕುಂತಿದ್ರಲ್ಲ, ಅವರಿಗ್ಯಾಕ ಚಾ ಕೊಡಲಿಲ್ಲ ಅಂತ ಕೇಳಾಕತ್ತಾರ್ರಿ."

ಪಾವ್ಣೇರ ಮುಂದ ಪಾರ್ಟಿ ಮಾನ ಹೋಗಬಾರದಲ್ಲ? ನಾನ ಅಂದ್ನಿ, "ಅವರಿಗೆ ಸಕ್ಕರಿ ಬ್ಯಾನಿ ಐತ್ರಿ ಅಂತ ಹೇಳ್ರಿ."

೪. ಬಿಳಿ ಬಟ್ಟಿಯವರು

ಕಡೀಕ ಉಳದವರು ಮೂರ ಮಂದಿ. ನಡಿಯಾಕ ಬರಲಾರದ ಅಧ್ಯಕ್ಷರು, ಸೆಕ್ರೆಟರಿ, ನಾನು. ಒಂದಿನ ದೊಡ್ಡ ಪಾರ್ಟಿಯವರೊಬ್ಬರು ಬಂದ್ರು. ಇಸ್ತ್ರಿ ಹೊಡದ ಬಿಳಿ ಬಟ್ಟಿ, ಕಾಲಾಗ ಕಿರ್ರ್ ಅನ್ನೋ ಅಥಣಿ ಚಪ್ಪಲಿ. ನಮ್ಮ ಪಾರ್ಟಿನ ತಮ್ಮದರಾಗ ಕೂಡಸ್ರಿ ಅಂತ ಬಂದಿದ್ರು. ಖೋಲಿ ಅವರಿಗೆ ಬೇಕಾಗಿತ್ತು. ಸೆಕ್ರೆಟರಿಗೂ ಸಾಕಾಗಿತ್ತು, ಮುಚ್ಚಿಬಿಡೂಣು ಅಂತಿದ್ದ.

"ಈ ಹಳೆ ಪುಸ್ತಕ ಏನ್ ಮಾಡತೀರಿ ಸಾಹೇಬ್ರ?" ಅಂದ್ನಿ.

"ಯಾವ ಪುಸ್ತಕ ಆಯಿ? ಈಗ ಎಲ್ಲಾ ಮೊಬೈಲಿನ್ಯಾಗ."

ಗೆಳತಿ ಒಡಕು ದನಿ ಕಿವ್ಯಾಗ ಬಂತು.

ಪಾರ್ಟಿ ಕಾನೂನು ಪ್ರಕಾರ, ಹಾಜರಿದ್ದವರೊಳಗ ಅರ್ಧಕ್ಕಿಂತ ಹೆಚ್ಚು ಮಂದಿ ಕೈ ಎತ್ತಿದ್ರ ಕೂಡಸೂದು. ಸೆಕ್ರೆಟರಿ ಹಾಜರಿ ಕರ್ಯಾಕ ಸುರು ಮಾಡಿದ. ಬಿಳಿ ಬಟ್ಟಿಯವರು, "ಕೊಡ್ರಿ, ನಾ ಬರಕೋತೀನಿ, ಲಗೂನ ಮುಗಸೂಣು," ಅಂತ ಪೆನ್ನು ತಗೊಂಡ್ರು. ಒಂದು ಕೈಯಾಗ ಪೆನ್ನು, ಇನ್ನೊಂದರಾಗ ಫೋನು. ಸೆಕ್ರೆಟರಿ ಒಂದೊಂದ ಹೆಸರು ಕರದ. ನಾ ಅಂದ್ನಿ "ಅದಾರ್ರಿ." ಅಧ್ಯಕ್ಷರೂ ಅಂದ್ರು "ಅದಾರ್ರಿ." ಇಷ್ಟು ವರ್ಷದ ರೂಢಿ ನೋಡ್ರಿ, ಪಾರ್ಟಿ ಮುಚ್ಚಬೇಕನ್ನೋ ಸೆಕ್ರೆಟರಿನೂ ತಾನ ಕರದು ತಾನ "ಅದಾರ್ರಿ" ಅಂದ! ಫೋನಿನ್ಯಾಗ ಮಾರಿ ಇಟ್ಟವರು ತಲಿ ಎತ್ತಲಿಲ್ಲ, ಹಾಜರಿ ಹಾಕ್ಕೋತ ಹೋದ್ರು.

"ಕೂಡಸಬೇಕನ್ನವರು ಕೈ ಎತ್ತರಿ." ಸೆಕ್ರೆಟರಿ ಎತ್ತಿದ. ಅಧ್ಯಕ್ಷರು, ಪಾಪ, ದಣದಿದ್ರು, ಅವರೂ ಎತ್ತಿದ್ರು. ನಾ ಎತ್ತಲಿಲ್ಲ.

"ಮೂವರಾಗ ಇಬ್ಬರು. ಪಾಸ್!" ಅಂದ್ರು ಬಿಳಿ ಬಟ್ಟಿಯವರು.

"ಮೂವರೆಲ್ಲಿ ಸಾಹೇಬ್ರ? ಎಣಸ್ರಿ ಪುಸ್ತಕ."

ಎಣಿಸಿದ್ರು. ಎಪ್ಪತ್ತೊಂದು.

"ಎಪ್ಪತ್ತೊಂದು ಮಂದಿ ಎಲ್ಲೆದಾರ ಆಯಿ?" ಅಂತ ಒದರಿದ್ರು.

"ಹಾಜರಿ ಹಾಕಿದವರು ನೀವರಿ. ನನ್ನ ಕೇಳತೀರಲ್ಲ?"

ಸೆಕ್ರೆಟರಿ ಬ್ಯಾರೆ ದಾರಿ ಇಲ್ಲದ ಎದ್ದು ಓದಿದ: "ಕೂಡಸೂದು ಬ್ಯಾಡ ಅಂತ ಠರಾವು." ಮೂಲ್ಯಾಗಿನ ಖಾಲಿ ಖುರ್ಚಿಯಿಂದ ಒಂದು ಸೀನು ಬಿತ್ತು. ಎರಡು. ಬಿಳಿ ಬಟ್ಟಿಯವರು ಮೂರನೇದಕ್ಕ ನಿಲ್ಲಲಿಲ್ಲ, ಬರಿಗಾಲಿಲೆ ಜೀಪು ಹತ್ತಿದ್ರು.

ಬಾಗಲದಾಗ ಬಿಟ್ಟ ಚಪ್ಪಲಿ ಇನ್ನಾ ನಮ್ಮ ಆಫೀಸಿನ್ಯಾಗ ಅದಾವು. ಯಾರು ಸರಿಸ್ಯಾರೋ, ಚಾಚಾನ ಖುರ್ಚಿ ಕೆಳಗ ಬಂದಾವು. ಮೊನ್ನೆ ಕಸಾ ಹೊಡಿಯುವಾಗ ನೋಡಿದ್ನಿ. ಹಿಮ್ಮಡ ಸವದಾವ.

೫. ಎಲಿ-ಅಡಿಕಿ

ಪಾರ್ಟಿ ಏನ್ ಮತ್ತ ಏಳೂದಿಲ್ಲ, ನನಗೂ ಗೊತ್ತೈತಿ. ಹ್ವಾದ ತಿಂಗಳ ಮೀಟಿಂಗಿಗೆ ಅಧ್ಯಕ್ಷರಿಗೆ ಬರಾಕ ಆಗಲಿಲ್ಲ. ನಾವಿಬ್ಬರ. ಹೊರಗ ರಣರಣ ಬಿಸಲು, ಒಳಗ ಥಂಡಿ. ಸೆಕ್ರೆಟರಿ ಕರಕೋತ ಹೋದ, ನಾ ಓಗೊಟ್ಟನಿ. ಗೆಳತಿ ಹೆಸರು ಬಂತು. "ಅದಾಳ್ರಿ!" ಅಂದ್ನಿ, ಜೋರಿಲೆ. ಆಣಿ ಉಳೀತು.

ಆದ್ರ ಎದ್ಯಾಗ ಒಂದು ಮುಳ್ಳು. ಆಕಿಗೆ ನಾ ಅದೀನಿ. ನಾಳೆ ನನಗ ಯಾರು? ಆ ವಿಚಾರದಾಗ ಒಂದು ಎಲಿ-ಅಡಿಕಿ ಮಡಚಿ ಬಾಯಾಗ ಇಟ್ಕೊಂಡ್ನಿ.

ಪುಸ್ತಕದಾಗ ಕಡೀ ಹೆಸರು ನಂದು. ಸೆಕ್ರೆಟರಿ ಕರದ. ಬಾಯಿ ತುಂಬ ಎಲಿ, ನುಂಗಾಕ ಬರವಲ್ದು, ಉಗಳಾಕ ಬರವಲ್ದು. ಕೈ ಎತ್ತಬೇಕನ್ನುದರಾಗ ನನ್ನ ಹಿಂದಿನಿಂದ, ಕಿವಿ ಹತ್ತರ, ಒಂದು ಒಡಕು ದನಿ ಬಂತು:

"ಅದಾಳ್ರಿ!"

ಆಕಿ ಹಿಂದಿನಿಂದ ಇನ್ನೊಂದಿಷ್ಟು ದನಿ, ಖೋಲಿ ತುಂಬ: "ಅದಾಳ್ರಿ!"

ಸೆಕ್ರೆಟರಿ ತಲಿ ಎತ್ತಲಾರದ ಹಾಜರಿ ಹಾಕಿದ. ನನ್ನ ಕಣ್ಣಾಗ ನೀರು ಬಂದ್ವು. ಮರುಗಳಿಗಿ ಹೊಳೀತು. ನಮ್ಮ ಪದ್ಧತ್ಯಾಗ ಇನ್ನೊಬ್ಬರು ಓಗೊಡೂದು ಯಾರಿಗೆ? ಎಲಿ ಕಿಟಕ್ಯಾಗ ಉಗಳಿ, ಹಿಂದಿನ ಖಾಲಿ ಬೆಂಚಿನ ಕಡೆ ತಿರುಗಿ ಒದರಿದ್ನಿ:

"ಲೇ, ತಡಿ ಬೇ! ನಾ ಇನ್ನಾ ಸತ್ತಿಲ್ಲ, ಬಾಯಾಗ ಎಲಿ ಇತ್ತು!"